ಜಾಕ್‌ವೆಲ್ ಮುಂದಿನ ಅಂತರಗಂಗೆ

ಕಳೆದ ತಿಂಗಳು, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ದಾವಣಗೆರೆ ನಿಟ್ಟುವಳ್ಳಿಯ ನಮ್ಮ ಮನೆಗೆ ಬಂದಿದ್ದಳು. ಈಗ ನಿವೃತ್ತಳಾದ ನಾನು ಒಂದು ಕಾಲಕ್ಕೆ ಕೂತಿದ್ದ ಕುರ್ಚಿಗೇ ಅವಳು ಬಂದಿರುವುದು: ನೀರು ಸರಬರಾಜಿನ ಕಿರಿಯ ಎಂಜಿನಿಯರ್. ಚಹಾ ಕುಡಿಯುತ್ತಾ ಮೊಬೈಲ್ ತೆಗೆದು ಒಂದು ಫೋಟೊ ತೋರಿಸಿದಳು. ಹರಿಹರದ ಹೊಳೆ ದಂಡೆ, ನೀರಿನ ತುಂಬ ಹಸಿರು ಎಲೆ, ನಡುನಡುವೆ ನೇರಳೆ ಹೂವಿನ ಗೊಂಚಲು. ಇವಳು ಆ ಹಸಿರಿನ ಅಂಚಿಗೆ ಬೆನ್ನು ಮಾಡಿ ನಗುತ್ತಾ ನಿಂತಿದ್ದಾಳೆ.

"ಚೆನ್ನಾಗಿ ಬಂದೈತಲ್ರಿ ಮೇಡಂ?" ಎಂದಳು.

ನಾನು ಹೂವು ನೋಡಲಿಲ್ಲ, ಅವಳ ಹಿಮ್ಮಡಿ ನೋಡಿದೆ. ಇನ್ನೊಂದು ಹೆಜ್ಜೆ ಹಿಂದಕ್ಕೆ ಇಟ್ಟಿದ್ದರೆ ಎಂದುಕೊಂಡು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಆಮೇಲೆ ಅವಳಿಗೆ ಸರಿಯಾಗಿ ಬೈದೆ. ಪಾಪ, ಬಿಸ್ಕತ್ತನ್ನೂ ಮುಟ್ಟದೆ ಎದ್ದು ಹೋದಳು. ಬೈದವಳು ಕಾರಣವನ್ನೂ ಹೇಳಬೇಕಿತ್ತು. ಅವಳಿಗೂ ಅವಳ ಜೊತೆಯವರಿಗೂ ಅದನ್ನು ಈಗ ಹೇಳುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದನ್ನು ಬರೆಯುವುದಿಲ್ಲ. ಅದರಿಂದ ಯಾರ ಮನೆಯ ನಲ್ಲಿಯಲ್ಲೂ ನೀರು ಬರುವುದಿಲ್ಲ.

ಫೋಟೊದಲ್ಲಿದ್ದದ್ದು ಅಂತರಗಂಗೆ. ಪತ್ರಿಕೆಯವರು ಜಲಕಳೆ ಎಂದು ಬರೆಯುತ್ತಾರೆ. ಬೇರೆ ಖಂಡದಿಂದ ಬಂದದ್ದು. ಹೂವು ಚಂದ ಎಂದು ಯಾರೋ ಪುಣ್ಯಾತ್ಮರು ತಂದರಂತೆ. ಇದರ ಎಲೆಯ ದಂಟು ಊದಿಕೊಂಡು ಬೆಂಡಿನ ಹಾಗಿರುತ್ತದೆ, ಹಾಗಾಗಿ ತೇಲುತ್ತದೆ. ಬೇರಿಗೆ ಮಣ್ಣು ಬೇಕಿಲ್ಲ. ನೀರಿನಲ್ಲೇ ಕಪ್ಪು ಗಡ್ಡದ ಹಾಗೆ ಇಳಿಬಿದ್ದು ಕೊಳೆ ಹೀರುತ್ತದೆ. ಊರಿನ ಚರಂಡಿ ನೀರು ಸೇರುವ ಕಡೆ ಇದಕ್ಕೆ ಹಬ್ಬ. ತಾಯಿಗಿಡ ಪಕ್ಕಕ್ಕೆ ಒಂದು ಕುಡಿ ಚಾಚುತ್ತದೆ, ಕುಡಿಯ ತುದಿಯಲ್ಲಿ ಮರಿಗಿಡ ಏಳುತ್ತದೆ, ಆ ಮರಿ ಬೇರು ಬಿಡುವ ಮೊದಲೇ ತಾನೂ ಒಂದು ಕುಡಿ ಚಾಚಿರುತ್ತದೆ. ಬೇಸಿಗೆಯಲ್ಲಿ ಎರಡು ವಾರ ರಜೆ ಹಾಕಿ ಬಂದರೆ ನೀವು ಬಿಟ್ಟುಹೋದದ್ದರ ಎರಡರಷ್ಟು ಇರುತ್ತದೆ. ಇಷ್ಟು ಸಾಲದು ಎಂದು ಬೀಜ ಬೇರೆ. ಅದು ತಳದ ಕೆಸರಿಗಿಳಿದು ವರ್ಷಗಟ್ಟಲೆ ಸುಮ್ಮನೆ ಮಲಗಿರುತ್ತದೆ. ಕೆರೆ ಒಣಗಿತು, ಕಳೆ ಸತ್ತಿತು ಎಂದು ನಾವು ಫೋಟೊ ತೆಗೆಸಿಕೊಂಡ ಮೇಲೆ, ಮುಂದಿನ ಮಳೆಗೆ ಅದು ಏಳುತ್ತದೆ.

ನನ್ನ ಮೊದಲ ಪೋಸ್ಟಿಂಗ್‌ನಲ್ಲಿ, ಒಂದು ಕೆರೆಯಲ್ಲಿ, ನಾವು ಇದನ್ನು ಕುಡುಗೋಲಿನಿಂದ ಕೊಯ್ಸಿದೆವು. ಭತ್ತದ ಸೀಮೆಯ ಜನ ನಾವು. ಹಸಿರು ಕಂಡರೆ ಕೊಯ್ಯುವುದು ಬಿಟ್ಟು ಬೇರೆ ಗೊತ್ತಿಲ್ಲ. ನಂದಿಗುಡಿ ಕಡೆಯಿಂದ ಗದ್ದೆ ಕೆಲಸದವರನ್ನು ಕರೆಸಿ, ಸಾಲಾಗಿ ನಿಲ್ಲಿಸಿ, ದಂಡೆಯುದ್ದಕ್ಕೂ ಕಚಕಚ ಕೊಯ್ಸಿದ್ದು. ಎಷ್ಟು ಅಚ್ಚುಕಟ್ಟಾಗಿ ಕೊಯ್ದರು ಎಂದರೆ ಮೇಲಿನವರು ಬಂದು ಬೆನ್ನು ತಟ್ಟಿದರು. ಕೊಯ್ದ ಪ್ರತಿ ಬುಡವೂ ತೇಲುತ್ತಾ ಹೋಗಿ ಎದುರು ದಂಡೆಯಲ್ಲಿ ಹೊಸ ಸಂಸಾರ ಹೂಡಿತು. ಮೇಲಕ್ಕೆ ಎಳೆದದ್ದನ್ನು ಏರಿಯ ಮೇಲೆಯೇ ರಾಶಿ ಹಾಕಿದ್ದೆವು. ಮೊದಲ ಮಳೆ ಆ ರಾಶಿಯನ್ನೂ ಕೆರೆಗೇ ದೂಡಿತು. ಹಾಗಾಗಿ ಹೊಸಬರು ಇಷ್ಟು ನೆನಪಿಡಿ: ಕೊಯ್ಯಬೇಡಿ, ಬುಡಸಮೇತ ಎಳೆಯಿರಿ. ಎಳೆದದ್ದನ್ನು ನೀರು ಮುಟ್ಟದಷ್ಟು ದೂರ ಸಾಗಿಸಿ, ಬಿಸಿಲಿಗೆ ಹರಡಿ, ಗರಿಗರಿ ಒಣಗಿದ ಮೇಲೆಯೇ ಗೊಬ್ಬರದ ಗುಂಡಿಗೆ ಹಾಕಿಸಿ.

ಇದು ತಾನಾಗಿ ಮಾತ್ರ ಹರಡುವುದಿಲ್ಲ, ನಾವೂ ಹೊತ್ತು ತಿರುಗುತ್ತೇವೆ. ಶಾಮನೂರಿನ ಹೊಸ ಲೇಔಟ್‌ನಲ್ಲಿ ಒಬ್ಬ ತಾಯಿ ಮನೆ ಮುಂದಿನ ಸಿಮೆಂಟು ತೊಟ್ಟಿಯಲ್ಲಿ ಇದನ್ನು ಬೆಳೆಸಿದ್ದರು. ತೊಟ್ಟಿ ತುಂಬಿ ಸೊಳ್ಳೆ ಹೆಚ್ಚಾದಾಗ ಗಿಡವನ್ನು ನಾಲೆಗೆ ಬಿಟ್ಟು ಬಂದರು. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದರೆ, "ಜೀವ ಇರೋದನ್ನ ಕಸಕ್ಕೆ ಹಾಕಬಾರ್ದಲ್ರಿ, ಅದಕ್ಕ ಗಂಗಮ್ಮನ ಮಡಿಲಿಗೆ ಬಿಟ್ಟೆ" ಎಂದರು. ಅವರ ಮುಖದಲ್ಲಿದ್ದ ಸಮಾಧಾನ ನೋಡಿ ನನಗೆ ಸಿಟ್ಟು ಮಾಡಲೂ ಆಗಲಿಲ್ಲ.

ಇನ್ನು ಹರಿಹರದ ವಿಷಯ. ಹೊಳೆ ದಂಡೆಯಲ್ಲಿ ನಮ್ಮ ಜಾಕ್‌ವೆಲ್ ಇದೆ. ಹೊಳೆಯ ನೀರು ಒಂದು ಕಬ್ಬಿಣದ ಜಾಲರಿ ದಾಟಿ ಆ ದೊಡ್ಡ ಬಾವಿಗೆ ಬರುತ್ತದೆ, ಅಲ್ಲಿಂದ ಪಂಪು ಅದನ್ನು ದಾವಣಗೆರೆಗೆ ತಳ್ಳುತ್ತದೆ. ಬೇಸಿಗೆಯಲ್ಲಿ ತುಂಗಭದ್ರೆ ಸಣ್ಣಗಾದಾಗ ಅಡ್ಡಲಾಗಿ ಮರಳಿನ ಚೀಲ ಒಟ್ಟಿ ನೀರು ನಿಲ್ಲಿಸುತ್ತೇವೆ. ನಿಲ್ಲಿಸದಿದ್ದರೆ ನೀರು ಜಾಲರಿಗೆ ಎಟುಕುವುದಿಲ್ಲ. ನಿಂತ ನೀರು ಅಂತರಗಂಗೆಗೂ ಬೇಕು. ಹೀಗೆ ನಾವು ಊರಿಗೆಂದು ಕಟ್ಟಿದ ಒಡ್ಡಿನಲ್ಲಿ ಅದು ಬಂದು ಮನೆ ಮಾಡುತ್ತಿತ್ತು. ದಟ್ಟವಾಗಿ ಹೆಣೆದುಕೊಂಡು ಚಾಪೆಯಾದ ಮೇಲೆ ಅದರ ಮೇಲೆ ಕೊಕ್ಕರೆ ನಡೆಯುತ್ತದೆ, ನಾಯಿ ನಡೆಯುತ್ತದೆ. ಒಮ್ಮೆ ಒಂದು ಎಮ್ಮೆಗರು ಮೇಯಲು ಕಾಲಿಟ್ಟಿತು. ಕೆಳಗೆ ಎಷ್ಟು ನೀರಿದೆ ಎಂಬುದು ಅದಕ್ಕೂ ಗೊತ್ತಿರಲಿಲ್ಲ. ಚಾಪೆ ಬಾಯಿ ತೆರೆದು ಅದನ್ನು ನುಂಗಿ ಮತ್ತೆ ಮುಚ್ಚಿಕೊಂಡಿತು. ಕರು ಹೋದ ಜಾಗ ಯಾವುದೆಂದು ದಂಡೆಯಲ್ಲಿದ್ದ ನಾವು ಮೂವರು ಮೂರು ಕಡೆ ಕೈ ತೋರಿಸಿದೆವು.

ಆ ವರ್ಷ ಬಿಸಿಲು ಜೋರಿತ್ತು. ಊರಿಗೆ ನೀರು ಬಿಟ್ಟು ವಾರ ದಾಟಿತ್ತು. ಚಾಪೆಯ ಕೆಳಗಿನ ಬೇರು, ಕೊಳೆತ ದಂಟು ಎಲ್ಲ ಹೋಗಿ ಜಾಲರಿಗೆ ಮೆತ್ತಿಕೊಂಡು ಬಾವಿಗೆ ನೀರು ಬರುವುದೇ ನಿಂತಿತು. ಪಂಪ್ ಆಪರೇಟರ್ ರೆಹಮಾನ್ ಸಾಬರು ಬೆಳಿಗ್ಗೆಯೇ ಫೋನ್ ಮಾಡಿದರು: "ಮೇಡಮ್ಮೋರೆ, ಮೋಟರ್ ಒಣಾ ಎಳೀತೈತೆ. ಬಂದ್ ಮಾಡೀನಿ. ಹಾಲೇಶನ್ನ ಕರೆಸ್ರಿ."

ಹಾಲೇಶ ಹರಿಹರದವನು, ಮೀನು ಹಿಡಿಯುವ ಮನೆತನ. ಉಸಿರು ಕಟ್ಟಿ ಮುಳುಗಿ ಜಾಲರಿ ಬಿಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನ ಅಣ್ಣ ಅಂಜಿನಪ್ಪ ದಂಡೆಯಲ್ಲಿ ನಿಂತು ಹಗ್ಗ ಹಿಡಿಯುವವನು. ಹಗ್ಗ ಎಂದರೆ ಹಾಲೇಶನ ಸೊಂಟದ್ದಲ್ಲ. ಸೊಂಟಕ್ಕೆ ಕಟ್ಟಿದರೆ ಬೇರಿಗೂ ಜಾಲರಿಗೂ ಸಿಕ್ಕಿ ಅದೇ ಉರುಳಾಗುತ್ತದೆ ಎಂದು ಅವನು ಕಟ್ಟಿಕೊಳ್ಳುತ್ತಿರಲಿಲ್ಲ. ಜಾಲರಿಯ ಮುಂದೆ ಒಂದು ಕೋಣೆಯಷ್ಟು ಜಾಗದ ಕಳೆಯನ್ನು ಎಳೆದು ತೆಗೆದು, ಉಳಿದ ಚಾಪೆ ಅಲ್ಲಿಗೆ ಬಾರದಂತೆ ಉದ್ದದ ಬಿದಿರನ್ನು ಅಡ್ಡ ತೇಲಿಸುತ್ತಿದ್ದರು. ಬಿದಿರಿನ ಒಂದು ತುದಿ ಬಾವಿಯ ಗೋಡೆಗೆ, ಇನ್ನೊಂದು ತುದಿಯ ಹಗ್ಗ ಅಂಜಿನಪ್ಪನ ಕೈಗೆ. ಗೂಟಕ್ಕೆ ಬಿಗಿದರೆ ಗಾಳಿ ಚಾಪೆಯನ್ನು ದೂಡಿದಾಗ ಬಿದಿರು ಮುರಿಯುತ್ತದೆ. ಕೈಯಲ್ಲಿದ್ದರೆ ಗಾಳಿ ಬಂದಾಗ ತುಸು ಬಿಟ್ಟು, ನಿಂತಾಗ ಎಳೆದುಕೊಳ್ಳಬಹುದು. ಆ ಬಿದಿರಿನ ಈಚೆಗಿನ ತೆರೆದ ನೀರೇ ಹಾಲೇಶ ಮುಳುಗುವ, ಏಳುವ ಬಾಗಿಲು.

ಇಳಿಯುವ ಮೊದಲು ರೆಹಮಾನ್ ಸಾಬರು ಪಂಪಿನ ಪ್ಯಾನೆಲ್‌ಗೆ ಬೀಗ ಹಾಕಿ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಇದು ನಮ್ಮಲ್ಲಿನ ಪದ್ಧತಿ; ಯಾವ ಪುಸ್ತಕದಲ್ಲೂ ಇರಲಿಲ್ಲ. ಮನುಷ್ಯ ನೀರಿನಲ್ಲಿರುವಾಗ ಮೋಟರ್ ಶುರುವಾದರೆ ಅವನು ಜಾಲರಿಗೆ ಅಂಟಿಕೊಂಡೇ ಹೋಗುತ್ತಾನೆ. ಹಾಲೇಶ ದಂಡೆಯ ಕಲ್ಲಿಗೆ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಗಂಗಮ್ಮನಿಗೆ ಕೈ ಮುಗಿದು ಇಳಿದ. ಒಂದು ಸಲ ಮುಳುಗಿ ಎದ್ದ, ಕೈತುಂಬ ಕೊಳೆತ ಬೇರು ತಂದು ದಂಡೆಗೆ ಎಸೆದ. ಇನ್ನೊಂದು ಸಲ, ಮತ್ತೊಂದು ಸಲ. ಬಾವಿಯಲ್ಲಿ ನೀರು ಗುಳುಗುಳು ಎನ್ನಲು ಶುರುವಾಯಿತು.

ಆ ಹೊತ್ತಿಗೆ ದಾವಣಗೆರೆಯಿಂದ ಸಾಹೇಬರ ಜೀಪು ಬಂತು. ನಮ್ಮ ಕಚೇರಿಗೆ ಮೇಲಧಿಕಾರಿಯಾಗಿ ಹೊಸದಾಗಿ ಬಂದಿದ್ದರು. ಕೆಟ್ಟವರಲ್ಲ, ಬಹಳ ದೈವಭಕ್ತರು, ಎಲ್ಲರನ್ನೂ ಮಾತನಾಡಿಸುವವರು. ಮನೆಯಿಂದಲೇ ತೆಂಗಿನಕಾಯಿ, ಹೂವು, ಕರ್ಪೂರ, ಹಿತ್ತಾಳೆ ತಟ್ಟೆ ತಂದಿದ್ದರು. ಕೆಲಸ ಶುರುವಾಗಿದೆ ಎಂದು ನಾನು ಹೇಳಿದೆ. "ಇರ್ಲಿ ಬಿಡ್ರಿ ಗಿರಿಜಮ್ಮ, ಒಳ್ಳೆ ಕೆಲಸಕ್ಕೆ ತಡ ಅನ್ನೋದೈತಾ?" ಎಂದು ಅದೇ ಕಲ್ಲಿಗೆ ಕಾಯಿ ಒಡೆದು ಆರತಿ ಬೆಳಗಿದರು. ನಂತರ ತಟ್ಟೆ ಹಿಡಿದು ತಾವೇ ಒಬ್ಬೊಬ್ಬರ ಬಳಿಗೂ ಬಂದರು. ನಾನು ತೆಗೆದುಕೊಂಡೆ. ರೆಹಮಾನ್ ಸಾಬರು ಎದೆಗೆ ಕೈ ಇಟ್ಟು ತಲೆ ಬಾಗಿಸಿದರು. ಹಾಲೇಶ ಆಗಷ್ಟೇ ಉಸಿರೆಳೆದುಕೊಂಡು ಮುಳುಗಿದ್ದ.

ತಟ್ಟೆ ಅಂಜಿನಪ್ಪನ ಮುಂದೆ ಬಂತು.

ನೀವೇ ಹೇಳಿ, ದೇವರ ಆರತಿ, ಅದೂ ಸಾಹೇಬರ ಕೈಯಲ್ಲಿ. ಬೇಡ ಎನ್ನುವವರು ನಮ್ಮ ಕಡೆ ಹುಟ್ಟಿದ್ದಾರೆಯೇ? ಒಂದು ಕೈಯಲ್ಲಿ ಆರತಿ ತೆಗೆದುಕೊಳ್ಳುವ ಕ್ರಮವೂ ನಮ್ಮಲ್ಲಿಲ್ಲ. ಅಂಜಿನಪ್ಪ ಹಗ್ಗವನ್ನು ಕಾಲಡಿಗೆ ಹಾಕಿ ಮೆಟ್ಟಿಕೊಂಡ. ಎರಡೂ ಅಂಗೈ ಚಾಚಿ, ಜ್ವಾಲೆಯ ಮೇಲೆ ಆಡಿಸಿ, ಕಣ್ಣಿಗೆ ಒತ್ತಿಕೊಂಡ. ಆ ಕ್ಷಣಕ್ಕೆ ಗಾಳಿ ಬೀಸಿತು.

ಒದ್ದೆ ಹಗ್ಗ ಕಾಲಡಿಯಿಂದ ಸರ್ರನೆ ಜಾರಿತು. ಬಿದಿರು ಬಾಗಿಲಿನ ಹಾಗೆ ತಿರುಗಿ ಗೋಡೆಗೆ ಬಡಿಯಿತು. ಇಡೀ ಚಾಪೆ, ಒಂದಿಷ್ಟೂ ಸದ್ದಿಲ್ಲದೆ, ತೆರೆದ ನೀರಿನ ಮೇಲೆ ಬಂದು ಕೂತಿತು. ನಾನು ನೋಡುತ್ತಿದ್ದಂತೆ ನೀರಿದ್ದ ಜಾಗದಲ್ಲಿ ನೀರಿರಲಿಲ್ಲ. ಎಲ್ಲೆಲ್ಲೂ ಒಂದೇ ಹಸಿರು, ಮೇಲೆ ನೇರಳೆ ಹೂವು.

ಅಂಜಿನಪ್ಪ "ತಮ್ಮಾ" ಎಂದವನೇ ಹಾರಲು ಹೋದ. ರೆಹಮಾನ್ ಸಾಬರು ಅವನ ಬನಿಯನ್ ಹಿಡಿದು ಹಿಂದಕ್ಕೆ ಎಳೆದರು. "ನೀನೂ ಒಳಗ ಹೋದ್ರ ಇಬ್ರೂ ಸಿಗಂಗಿಲ್ಲೋ. ತೆಪ್ಪ ದೂಡು." ದಂಡೆಗೆ ಕಟ್ಟಿದ್ದ ತೆಪ್ಪವನ್ನು ಬಿಚ್ಚಿ ದೂಡಿದರು. ಚಾಪೆಯ ಅಂಚಿಗೆ ತಾಗಿ ಅದು ನಿಂತೇ ಹೋಯಿತು. ಹುಟ್ಟು ಹಾಕಿದರೆ ಬೇರು ಸುತ್ತಿಕೊಳ್ಳುತ್ತದೆ. ಹಾಲೇಶ ಈಗ ಮೇಲೆ ಬರುತ್ತಿರುತ್ತಾನೆ, ಬಾಗಿಲಿದೆ ಎಂದು ನಂಬಿ ಬರುತ್ತಿರುತ್ತಾನೆ, ತಲೆಗೆ ಬೇರು ತಾಗುತ್ತದೆ. ಕೆಳಗೆ ಬೆಳಕು ಇರುವುದಿಲ್ಲ. ಎಷ್ಟು ಉಸಿರು ಉಳಿದಿದೆಯೋ ಯಾರಿಗೂ ಗೊತ್ತಿಲ್ಲ. ಅವನು ಎಲ್ಲಿದ್ದಾನೆಂದು ತಿಳಿಯದೆ ನಾವು ಎಲ್ಲಿ ಅಗೆಯುವುದು? ಎಮ್ಮೆಗರುವಿನ ದಿನ ಮೂರು ಕಡೆ ಹೋದ ಮೂರು ಕೈಗಳು ಕಣ್ಣೆದುರು ಬಂದವು.

ನಾನು ಎಲೆಗಳನ್ನೇ ನೋಡುತ್ತಾ ನಿಂತೆ. ಗಾಳಿಗೆ ಸಾವಿರಾರು ಎಲೆ ಒಂದೇ ಕಡೆಗೆ ವಾಲುತ್ತಿದ್ದವು, ಒಟ್ಟಿಗೆ ಏಳುತ್ತಿದ್ದವು. ಗೋಡೆಯಿಂದ ನಾಲ್ಕು ಮಾರು ದೂರದಲ್ಲಿ ಒಂದು ಬುಡ ಮಾತ್ರ ಗಾಳಿಯ ಮಾತು ಕೇಳದೆ ಮೇಲಕ್ಕೂ ಕೆಳಕ್ಕೂ ಆಡಿತು. ನಿಂತಿತು. ಮತ್ತೆ ಆಡಿತು.

"ಅಲ್ಲಿ" ಎಂದೆ. ಕೂಗಿದೆನೋ ಮೆಲ್ಲಗೆ ಅಂದೆನೋ ನೆನಪಿಲ್ಲ.

ಪಂಪ್‌ಹೌಸಿನ ಏಣಿಯನ್ನು ರೆಹಮಾನ್ ಸಾಬರು ಎಳೆದು ತಂದು ಚಾಪೆಯ ಮೇಲೆ ಮಲಗಿಸಿದರು. ಅಂಜಿನಪ್ಪ ಅದರ ಮೇಲೆ ಹೊಟ್ಟೆಯೂರಿ ತೆವಳಿದ. ಏಣಿ ಅವನ ಭಾರಕ್ಕೆ ಮುಳುಗತೊಡಗಿತು. ದಂಡೆಯ ಮೇಲಿದ್ದ ಹಿಂದಿನ ತುದಿಯನ್ನು ಯಾರಾದರೂ ಒತ್ತಿ ಹಿಡಿಯಬೇಕಿತ್ತು. ನಾನು ಅದರ ಮೇಲೆ ಕೂತೆ, ನನ್ನ ಪಕ್ಕದಲ್ಲಿ ಇಸ್ತ್ರಿ ಪ್ಯಾಂಟಿನ ಸಾಹೇಬರು ಕೆಸರಿನಲ್ಲಿ ಮಂಡಿಯೂರಿ ಎರಡೂ ಕೈಯಲ್ಲಿ ಏಣಿ ಅದುಮಿದರು. ತಟ್ಟೆ ಎಲ್ಲಿ ಬಿದ್ದಿತ್ತೋ. ಕುಡುಗೋಲು ಕೊಡಲು ಹೋದರೆ ಅಂಜಿನಪ್ಪ ತಲೆ ಅಲ್ಲಾಡಿಸಿದ. ಕೆಳಗೆ ತಮ್ಮನ ಕೈ ಇರಬಹುದು. ಬರಿಗೈಯಲ್ಲೇ ಗಿಡ ಕಿತ್ತು ಕಿತ್ತು ಎಸೆದ. ಒಂದು ಕಿತ್ತರೆ ಪಕ್ಕದ್ದು ಕುಡಿಯ ಜೊತೆ ಬರುತ್ತಿತ್ತು, ಆ ಜಾಗಕ್ಕೆ ಇನ್ನೊಂದು ಸರಿಯುತ್ತಿತ್ತು. ಕಪ್ಪು ನೀರು ಕಂಡಿತು. ಭುಜದವರೆಗೆ ಕೈ ಇಳಿಬಿಟ್ಟು ತಡಕಿದ. ಏನೂ ಇಲ್ಲ. ಇನ್ನೊಮ್ಮೆ ಇಳಿಬಿಟ್ಟ. ಆಮೇಲೆ ಅವನ ಬೆನ್ನು ಗಟ್ಟಿಯಾದದ್ದು ನನಗೆ ಹಿಂದಿನಿಂದ ಕಾಣಿಸಿತು.

ಮಣಿಕಟ್ಟು ಸಿಕ್ಕಿತ್ತು.

ಹಾಲೇಶನನ್ನು ಮೇಲೆ ತಂದಾಗ ಮುಖದ ತುಂಬ ಬೇರು. ಬೆನ್ನು ಗುದ್ದಿದಾಗ ನೀರು ಕಾರಿದ, ಕೆಮ್ಮಿದ. ಆ ಕೆಮ್ಮಿನಷ್ಟು ಒಳ್ಳೆಯ ಸದ್ದನ್ನು ನಾನು ಕೆಲಸದಲ್ಲಿದ್ದಷ್ಟು ಕಾಲವೂ ಕೇಳಲಿಲ್ಲ. ಸಾಹೇಬರ ಜೀಪಿನಲ್ಲೇ ಆಸ್ಪತ್ರೆಗೆ ಒಯ್ದೆವು. ಪ್ಯಾನೆಲ್ ಕೀಲಿ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು, ಅಂಗೈ ತರಚಿತ್ತು.

ಆಸ್ಪತ್ರೆಯ ವರಾಂಡದ ಬೆಂಚಿನಲ್ಲಿ ಸಾಹೇಬರೂ ಅಂಜಿನಪ್ಪನೂ ಅಕ್ಕಪಕ್ಕ ಕೂತಿದ್ದರು. ಸಾಹೇಬರು, "ನಾನು ಆಗ ತಟ್ಟೆ ತರಬಾರ್ದಿತ್ತಪ್ಪ" ಎಂದರು.

"ದೇವ್ರ ಆರತಿ, ನೀವೇನ್ ಮಾಡ್ತೀರಿ ಸಾಹೇಬ್ರೆ," ಅಂದ ಅಂಜಿನಪ್ಪ. "ಹಗ್ಗ ಇದ್ದಿದ್ದು ನನ್ ಕೈಯಾಗ."

ಆಮೇಲೆ ಸಾಹೇಬರು ಓಡಾಡಿ ಕೆಲವು ಕೆಲಸ ಮಾಡಿಸಿದರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಖಾಲಿ ಡ್ರಮ್ಮುಗಳನ್ನು ಸರಪಳಿಯಲ್ಲಿ ಪೋಣಿಸಿ ಕಳೆಗೆ ತಡೆ ಹಾಕಿಸಿದರು. ಆ ತಡೆಯ ಹಗ್ಗಕ್ಕೆ ರಾಟೆ ಬಂತು, ಸೊಂಟಕ್ಕೆ ಬೇಕೆಂದಾಗ ಕಳಚಿಕೊಳ್ಳುವ ಕೊಂಡಿಯ ಪಟ್ಟಿ ಬಂತು. ಈಗ ಕಳೆ ಎಳೆಯುವ ಯಂತ್ರವೂ ಬರುತ್ತದೆ. ಯಂತ್ರ ಒಳ್ಳೆಯದೇ, ಆದರೆ ಅದು ಮೇಲಿನದನ್ನು ಎತ್ತುತ್ತದೆ. ಜಾಲರಿಯ ಸಂದಿಗೆ ಅದರ ಹಲ್ಲು ಹೋಗುವುದಿಲ್ಲ. ಅಲ್ಲಿಗೆ ಇವತ್ತಿಗೂ ಮನುಷ್ಯನ ಕೈಯೇ ಬೇಕು.

ಅಂತರಗಂಗೆಗೆ ನಮ್ಮ ಸಂಕಟ ಗೊತ್ತಿಲ್ಲ. ಅದು ಬೆಳೆಯುತ್ತಲೇ ಇತ್ತು. ಅಂಜಿನಪ್ಪ ಕಿತ್ತು ಮಾಡಿದ ಕಂಡಿ ಕೆಲವೇ ದಿನದಲ್ಲಿ ಮುಚ್ಚಿ, ಎಲ್ಲಿತ್ತೆಂಬ ಗುರುತೂ ಉಳಿಯಲಿಲ್ಲ. ಮಳೆ ಬರುವ ಮೊದಲು ಜಾಲರಿ ಮತ್ತೆ ಕಟ್ಟಿತು. ಯಾರನ್ನು ಇಳಿಸುವುದು? ಬೇರೆ ಊರಿನಿಂದ ಕರೆಸಿದವರು ಚಾಪೆ ನೋಡಿ ವಾಪಸು ಹೋದರು. ಸಾಹೇಬರು ನನ್ನ ಮುಖ ನೋಡಿದರು, ಬಾಯಿಬಿಟ್ಟು ಕೇಳಲಿಲ್ಲ. ನಾನೇ ಹರಿಹರಕ್ಕೆ ಹೋದೆ.

ಹಾಲೇಶ ಬಲೆ ಹೆಣೆಯುತ್ತಾ ಕೂತಿದ್ದ. ಅವನ ಹೆಂಡತಿ "ಬರ್ರಿ, ಕೂಡ್ರಿ" ಎಂದಳೇ ಹೊರತು ನನ್ನ ಮುಖ ನೋಡಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಬಾಗಿಲನ್ನೇ ತೆಗೆಯುತ್ತಿರಲಿಲ್ಲ. ಅಂಜಿನಪ್ಪ ಹೊಳೆಯ ಕಡೆ ಹೋಗುವುದನ್ನೇ ಬಿಟ್ಟು ಯಾವುದೋ ಹೋಟೆಲಿಗೆ ಕೆಲಸಕ್ಕೆ ಸೇರಿದ್ದ. ಆ ದಿನ ಮನೆಯಲ್ಲೇ ಇದ್ದ. ನನ್ನ ದನಿ ಕೇಳಿ ಒಳಕೋಣೆಯ ಹೊಸ್ತಿಲಿಗೆ ಬಂದು ನಿಂತ.

"ಬ್ಯಾಡ ಅಂದ್ರೆ ಬ್ಯಾಡ ಅನ್ನಪ್ಪ, ನಾನು ಬೇಜಾರು ಮಾಡಿಕೊಳ್ಳಂಗಿಲ್ಲ" ಎಂದೆ.

"ಬರ್ತೀನ್ರಿ ಮೇಡಮ್ಮೋರೆ," ಅಂದ ಹಾಲೇಶ, ಬಲೆಯಿಂದ ಕಣ್ಣೆತ್ತದೆ. "ಹಗ್ಗ ಮಾತ್ರ ಅಣ್ಣನ ಕೈಗೇ ಕೊಡಬೇಕು ನೋಡ್ರಿ."

ಅಂಜಿನಪ್ಪ ಹೊಸ್ತಿಲಲ್ಲೇ ಕುಸಿದು ಕೂತ. "ನನ್ ಕೈಗೆ ಬ್ಯಾಡೋ ತಮ್ಮಾ. ರಾಟೆ ಐತೆ, ಬ್ಯಾರೆ ಮಂದಿ ಅದಾರ. ನನ್ ಕೈ ನನಗೇ ನಂಬಿಕಿಲ್ಲ."

"ಬ್ಯಾರೆಯೋರು ಹಿಡಿದ್ರೆ ನಾನು ಇಳಿಯಂಗಿಲ್ಲ," ಅಂದ ಹಾಲೇಶ. ನಂತರ ನನ್ನ ಕಡೆ ತಿರುಗಿದ. "ಬ್ಯಾರೆಯೋರಿಗೆ ಇದು ಕೂಲಿ ಕೆಲಸ ರೀ. ಅಣ್ಣ ಇನ್ನ ಮ್ಯಾಲೆ ಜನ್ಮದಾಗ ಹಗ್ಗ ಬಿಡಂಗಿಲ್ಲ."

ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಇಳಿಯುವ ದಿನ ಪೂಜೆ ಬೇಗ ಮುಗಿಸಿ ಎಲ್ಲರೂ ದೂರ ನಿಂತೆವು. ಹಾಲೇಶ ಸೊಂಟದ ಪಟ್ಟಿ ಬಿಗಿದುಕೊಂಡು ಇಳಿದ. ಅಂಜಿನಪ್ಪ ಡ್ರಮ್ಮಿನ ತಡೆಯ ರಾಟೆ ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು, ತುಟಿ ಕಚ್ಚಿಕೊಂಡು, ತೆರೆದ ನೀರಿನಿಂದ ಕಣ್ಣು ಕೀಳದೆ ನಿಂತಿದ್ದ. ನೊಣ ಮುಖದ ಮೇಲೆ ಕೂತರೂ ಓಡಿಸಲಿಲ್ಲ. ಗಾಳಿ ಎರಡು ಸಲ ಬಂತು. ಅವನು ತುಸು ಬಿಟ್ಟ, ಎಳೆದುಕೊಂಡ. ಹಾಲೇಶ ಮುಳುಗಿದಾಗಲೆಲ್ಲ ಅವನೂ ಉಸಿರು ಕಟ್ಟುತ್ತಿದ್ದ. ತಮ್ಮ ಎದ್ದ ಮೇಲೆಯೇ ಅವನೂ ಬಿಡುತ್ತಿದ್ದ. ನಾನು ಕೀಲಿಯನ್ನು ಹಿಡಿದು ಇಬ್ಬರನ್ನೂ ನೋಡುತ್ತಿದ್ದೆ.

ಜಾಲರಿ ಬಿಟ್ಟಿತು. ಹಾಲೇಶ ದಂಡೆಗೆ ಹತ್ತಿ, ಮೈ ಒರೆಸಿಕೊಂಡು, ಚಹಾ ಕುಡಿದ. ರೆಹಮಾನ್ ಸಾಬರು ನನ್ನಿಂದ ಕೀಲಿ ಪಡೆದು ಮೋಟರ್ ಶುರು ಮಾಡಿದರು. ಬಾವಿಯೊಳಗೆ ನೀರು ಭೋರ್ಗರೆಯಿತು. ಅಂಜಿನಪ್ಪ ಅಲ್ಲೇ, ಹಾಗೇ ನಿಂತಿದ್ದ.

"ಆತಪ್ಪ, ಮ್ಯಾಲೆ ಬಂದಾನೆ. ಬಿಡು ಹಗ್ಗ" ಎಂದೆ.

"ಬರವಲ್ದ್ರಿ ಮೇಡಮ್ಮೋರೆ," ಅಂದ. ನೋಡಿದರೆ ಬೆರಳುಗಳು ಹಗ್ಗದ ಸುತ್ತ ಮರಗಟ್ಟಿ ಬೆಳ್ಳಗಾಗಿದ್ದವು. ಬಿಡಬೇಕೆಂದರೂ ಅವನಿಗೆ ಬಿಡಲಾಗುತ್ತಿರಲಿಲ್ಲ.

ಹಾಲೇಶ ಲೋಟ ಕೆಳಗಿಟ್ಟು ಎದ್ದು ಬಂದ. ಅಣ್ಣನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ಅವನ ಕಿರುಬೆರಳಿನಿಂದ ಶುರು ಮಾಡಿ, ಒಂದೊಂದೇ ಬೆರಳನ್ನು ಮೆಲ್ಲಗೆ ಬಿಡಿಸಿದ.